ಎತ್ತಿನ ಬೆನ್ನ ಮ್ಯಾಲಿನ ಶಾಯಿ

ನನಗ ಚಿತ್ರಾ ಬರಿಯಾಕ ಯಾರೂ ಕಲಿಸಿಲ್ಲ. ಇದನ್ನ ಮೊದಲ ಹೇಳಿಬಿಡೂದು ಚಲೋ. ಯಾಕಂದ್ರ ನನ್ನ ಚಿತ್ರಾ ನೋಡಿದವರು "ಯಾರ ಕಡೆ ಕಲ್ತ್ರಿ?" ಅಂತ ಕೇಳ್ತಾರ, ಆ ಕೇಳೂ ಧಾಟಿಯೊಳಗ ಕಲಿಸಿದವರ ಮ್ಯಾಲ ಒಂದೀಟು ಸಿಟ್ಟಿರತೈತಿ. ಕಲಿಸಿದವರು ಯಾರೂ ಇಲ್ಲ, ತಪ್ಪೆಲ್ಲಾ ನಂದ.

ಸಾವಿರದ ಒಂಬೈನೂರಾ ಅರವತ್ತರ ಆಚೀಚೆ ನಾನು ವಿಜಾಪುರದೊಳಗ ಸರಕಾರಿ ಕಚೇರಿಯೊಂದರಾಗ ಕಾರಕೂನ ಇದ್ದೆ. ಈಗ ವಿಜಯಪುರ ಅಂತ ಬೋರ್ಡ್ ಬರಸ್ಯಾರ, ನನ್ನ ಬಾಯಾಗ ಇನ್ನೂ ವಿಜಾಪುರನ ಬರತೈತಿ. ಸಿದ್ಧೇಶ್ವರ ಗುಡಿ ಹಿಂದಿನ ಓಣಿಯೊಳಗ ಎರಡು ಖೋಲಿ ಬಾಡಿಗಿ ಹಿಡಿದಿದ್ವಿ, ನಾನು ಮತ್ತು ನನ್ನ ಹೆಂಡತಿ. ಲಗ್ನ ಆಗಿ ಎರಡು ವರ್ಷ ಆಗಿತ್ತು. ಮುಂಜಾನಿ ಜಳಕಾ ಮಾಡಿ, ಚಹಾ ಕುಡದು, ಕಚೇರಿಗೆ ಹೊಂಡೂದರೊಳಗ ಒಂದು ತಾಸು ಕೈಯಾಗ ಉಳೀತಿತ್ತು. ಆ ತಾಸು ನಂದು. ಆ ತಾಸಿನ್ಯಾಗ ದಿನಾ ಒಂದು ಚಿತ್ರಾ ಬರೀಬೇಕು ಅಂತ ನನಗ ನಾನ ಒಂದು ಕಟ್ಟು ಹಾಕ್ಕೊಂಡಿದ್ದೆ.

ಆ ಕಟ್ಟು ಹ್ಯಾಂಗಿತ್ತು ಅಂದ್ರ, ಪೆನ್ಸಿಲ್ಲು ಮುಟ್ಟಾಂಗಿಲ್ಲ, ಬರೇ ಶಾಯಿ. ಮೊದಲಿಗೆ ನಾನೂ ಎಲ್ಲಾರಂಗ ಪೆನ್ಸಿಲ್ಲಿನಿಂದನ ಶುರು ಮಾಡಿದ್ದೆ ಖರೆ. ಆದ್ರ ಒಂದು ಗೆರಿ ಎಳದು ಎರಡು ಗೆರಿ ಅಳಿಸೂ ಜಾತಿ ನಂದು. ಅಳಿಸಿ ಅಳಿಸಿ ಹಾಳಿಗೆ ತೂತು ಬೀಳ್ತಿತ್ತು. ಒಂದು ದಿನ ಸಿಟ್ಟು ನೆತ್ತಿಗೇರಿ ಪೆನ್ಸಿಲ್ಲು, ರಬ್ಬರು ಎರಡೂ ಒಲಿಗೆ ಒಗದೆ. ರಬ್ಬರಿನ ವಾಸನಿಗೆ ಹೆಂಡತಿ ಅಡಗಿ ಬಿಟ್ಟು ಹೊರಗ ಓಡಿ ಬಂದ್ಲು. ಅವತ್ತಿನಿಂದ ಶಾಯಿ ತುಂಬಿದ ದೌತಿ, ಅದರಾಗ ಅದ್ದಿ ಬರಿಯೂ ಟಾಕು, ಕೋರಾ ಹಾಳಿ, ಇಷ್ಟ. ಎಳದ ಗೆರಿ ಎಳದಂಗ. ಹಾಳಿ ಹರಿಯಾಂಗಿಲ್ಲ. ಟಾಕಿನಿಂದ ಶಾಯಿ ತೊಟ್ಟಿಕ್ಕಿ ಕಲಿ ಬಿತ್ತು ಅಂದ್ರ ಆ ಕಲಿಯನ್ನ ಏನರ ಒಂದು ಮಾಡಿ ಚಿತ್ರಾ ಉಳಿಸಬೇಕು.

ಈ ಉಳಿಸೂ ಕಲಾದಾಗ ನಾನು ಭಾಳ ಪಳಗಿದ್ದೆ, ಸುಳ್ಳು ಯಾಕ ಹೇಳ್ಲಿ. ಗಿಡದ ಮ್ಯಾಲ ಶಾಯಿ ಬಿದ್ರ ಅದು ಕಾಗಿ ಆಗತಿತ್ತು. ನೆಲದ ಮ್ಯಾಲ ಬಿದ್ರ ಮಲಗಿದ ನಾಯಿ ಆಗತಿತ್ತು. ಗ್ವಾಡಿ ಮ್ಯಾಲ ಬಿದ್ರ ಕಿಟಕಿ. ನನ್ನ ಹೆಂಡತಿ ಒಂದು ದಿನ ಚಿತ್ರದ ಗಂಟು ಬಿಚ್ಚಿ ಒಂದೊಂದ ತಿರುವಿ ಹಾಕಿ, "ನಿಮ್ಮ ಊರಾಗ ಕಾಗಿ ಭಾಳ ಅದಾವ ನೋಡ್ರಿ, ಮಂದಿ ಕಡಿಮಿ" ಅಂದ್ಲು. ನಾನು ಎರಡು ದಿನ ಆಕಿ ಕೂಡ ಮಾತು ಬಿಟ್ಟೆ. ಮೂರನೇ ದಿನ ಆಕಿನ ಚಹಾದ ಬಟ್ಟಲಾ ಮುಂದಿಟ್ಟು, "ಇವತ್ತು ಎಷ್ಟು ಕಾಗಿ?" ಅಂದ್ಲು. ನಗದ ಏನು ಮಾಡ್ಲಿ.

ಶಾಯಿದೂ ಒಂದು ದೊಡ್ಡ ಕತಿ ಐತಿ. ಅಂಗಡ್ಯಾಗಿನ ಶಾಯಿ ಗುಳಿಗಿ ನೀರಾಗ ಕಲಸಿ ಬರದದ್ದು ನಾಕು ತಿಂಗಳ ಬಿಸಲಿಗೆ ಮಾಸಿ ಹೋಗತಿತ್ತು. ಹಿಂದಕ ಲೆಕ್ಕ ಬರಿಯೋ ಶ್ಯಾನಭೋಗರು ದೀಪದ ಕಾಡಗಿಗೆ ಜಾಲಿ ಅಂಟು ಹಾಕಿ ಅರದು ಮಸಿ ಮಾಡ್ತಿದ್ರು ಅಂತ ನಮ್ಮ ಅಪ್ಪ ಹೇಳ್ತಿದ್ದ. ಹಂಗ ಮಾಡಿ ನೋಡಿದೆ. ಕರ್ರಗ ಛಂದ ಬಂತು. ಆದ್ರ ಹೊಳಪು ಸಾಲದು ಅನ್ನಿಸಿ ನನ್ನ ಸ್ವಂತ ಬುದ್ಧಿ ಓಡಿಸಿ ಅದಕ್ಕ ಒಂದು ಹಳಕು ಬೆಲ್ಲಾ ಹಾಕಿದೆ. ಮಿರಿಮಿರಿ ಮಿಂಚಾಕತ್ತಿತು. ಮರುದಿನ ಮುಂಜಾನಿ ನೋಡಿದ್ರ ಇರುವಿ ಸಾಲುಗಟ್ಟಿ ಬಂದು ನಾ ಬರದಿಟ್ಟ ಗುಮ್ಮಟದ ಚಿತ್ರದಾಗ ಅರ್ಧಾ ಗ್ವಾಡಿ ತಿಂದು ಹೋಗಿದ್ದವು. ಬಣ್ಣಕ್ಕಂತ ಅರಿಷಿಣಕ್ಕ ಸುಣ್ಣಾ ಕಲಸಿ ಕೆಂಪ ಮಾಡಿದೆ, ಆಡಿನ ಕೂದಲ ಕಟ್ಟಿ ಕುಂಚ ಮಾಡಿದೆ, ಜ್ವಾಳದ ದಂಟು ಚೂಪ ಮಾಡಿ ದಪ್ಪ ಗೆರಿ ಎಳದೆ. ಕೈ ತುಂಬ ಬಣ್ಣಾ ಹಚ್ಚಿಕೊಂಡನ ಕಚೇರಿಗೆ ಹೋಗ್ತಿದ್ದೆ. ಭಾಳ ಸುಖದ ದಿನಾ ಅವು. ಒಂದ ಕೊರಗು ಇತ್ತು: ನನ್ನ ಚಿತ್ರದಿಂದ ಯಾರಿಗೂ ಏನೂ ಆಗಬೇಕಾಗಿದ್ದಿಲ್ಲ. ನೋಡಿ "ಹೂಂ" ಅಂತಿದ್ರು, ಇಡತಿದ್ರು.

ಹಂಗಿರೂ ಹೊತ್ತಿನ್ಯಾಗ ಕಳ್ಳಕವಟಗಿಯಿಂದ ಅಕ್ಕನ ಸುದ್ದಿ ಬಂತು.

ಕಳ್ಳಕವಟಗಿ ನಮ್ಮ ಅಕ್ಕನ ಕೊಟ್ಟ ಊರು. ಅಥಣಿ ರಸ್ತೆ ಹಿಡದು ತಿಕೋಟಾ ದಾಟಿ ಇನ್ನೂ ಮುಂದ. ಅಕ್ಕನ ಗಂಡಗ ನಾನು ಮಾಮಾ ಅಂತಿದ್ದೆ. ಒಕ್ಕಲುತನದ ಮನಿ, ಎರಿ ಹೊಲ, ಹಿಂಗಾರಿ ಜ್ವಾಳನ ಅವರ ವರ್ಷದ ಅನ್ನ. ಅವರಲ್ಲಿ ಒಂದು ಜೋಡಿ ಬಿಳೇ ಎತ್ತು ಇದ್ದವು. ಆ ಜೋಡಿಯೊಳಗ ಒಂದು, ಉತ್ತರಿ ಮಳಿಗೆ ನಾಕು ದಿನಾ ಮೊದಲ, ಹಾವು ಮುಟ್ಟಿ ಸತ್ತುಹೋತು. ಉಳದ ಎತ್ತು ಬ್ಯಾರೆ ಯಾವ ಎತ್ತಿನ ಕೂಡನೂ ನೊಗಕ್ಕ ಕೊರಳ ಕೊಡವಲ್ದು. ಗಿಡ್ಡ ಎತ್ತಿನ ಕೂಡ ಹೂಡಿದ್ರ ನೊಗ ವಾರಿ ಆಗಿ ಕೂರಿಗಿ ಸಾಲು ಹಿಡೀವಲ್ದು. ಮಳಿ ಬಿದ್ದು ಹದಾ ಬಂದೈತಿ. ಎರಿ ಹೊಲದ ಹದಾ ಅಂದ್ರ ಎಂಟು ದಿನದ ಮಾತು, ಆಮ್ಯಾಲ ನೆಲ ಬಿರಕು ಬಿಡತೈತಿ. ಊರಾಗಿನ ಎಲ್ಲಾರ ಎತ್ತೂ ಅವರವರ ಹೊಲದಾಗ. ಮ್ಯಾಲಿಂದ ಮಾಮಾನ ಕಾಲಿಗೆ ಜಾಲಿ ಮುಳ್ಳು ನಟ್ಟು ಅಂಗಾಲು ಬಾತಿತ್ತು, ಹೆಜ್ಜಿ ಊರಾಕ ಆಗತಿದ್ದಿಲ್ಲ. ಎಂಟು ದಿನದೊಳಗ ಸರಿಜೋಡಿ ಎತ್ತು ಸಿಗಬೇಕು, ಇಲ್ಲಂದ್ರ ಈ ವರ್ಷ ಹೊಲಾ ಬಿತ್ತಲಾರದ ಬೀಳು ಬೀಳತೈತಿ. ಇದು ಸುದ್ದಿ.

ನಮ್ಮ ಕಚೇರಿಯ ಜವಾನ ಬಬಲೇಶ್ವರದಾಂವ. ನನ್ನ ಮಾರಿ ನೋಡಿ ಏನಾತ್ರಿ ಅಂತ ಕೇಳಿದ. ಹೇಳಿದೆ. "ನಮ್ಮೂರಾಗ ಒಬ್ಬ ಮುತ್ಯಾ ಅದಾನ್ರಿ. ಅವಂದೂ ಜೋಡಿ ಮುರದೈತಿ. ವಯಸ್ಸಾತು ಅಂತ ಒಕ್ಕಲುತನ ಬಿಟ್ಟಾನ. ಉಳದ ಒಂದು ಬಿಳೇ ಎತ್ತು ಐತಿ. ಸಂತಿಗೆ ಹೊಡ್ಯಾಂಗಿಲ್ಲಂತ, ಸರಿಜೋಡಿ ಇದ್ದ ಮನಿಗೆ ಅಷ್ಟ ಕೊಡ್ತಾನಂತ. ಆದ್ರ ಜೋಡಿ ಆಗೂ ಎತ್ತನ್ನ ಕಣ್ಣಲೆ ನೋಡಿದ ಹೊರತು ಮಾತ ಆಡೂದಿಲ್ರಿ" ಅಂದ.

ನೋಡಬೇಕಂದ್ರ ಹ್ಯಾಂಗ? ಎತ್ತು ಕಳ್ಳಕವಟಗಿಯೊಳಗ, ಮುತ್ಯಾ ಬಬಲೇಶ್ವರದಾಗ, ನಡುವ ಒಂದು ಇಡೀ ದಿನದ ಎತ್ತಿನ ದಾರಿ. ಜೋಡಿ ಆಗಲಿಲ್ಲಂದ್ರ ತಿರುಗಿ ಮತ್ತೊಂದು ದಿನ. ಮಾಮಾನ ಕಾಲು ಹಂಗ. ನನ್ನ ತಲಿಯೊಳಗ ದೀಪಾ ಹತ್ತಿತು. ಚಿತ್ರಾ ಬರಕೊಂಡು ಹೋಗಿ ತೋರಿಸಿದ್ರಾತು. ಇಷ್ಟು ವರ್ಷದ ಕೈಕೆಲಸಕ್ಕ ಇವತ್ತರ ಒಂದು ಅರ್ಥ ಬಂತು ಅಂತ ನನಗ ಎಷ್ಟು ಹಿಗ್ಗಾತಂದ್ರ, ಎತ್ತು ಸತ್ತ ದುಃಖ ಮರತಬಿಟ್ಟೆ. ನಾಚಿಗಿ ಅನಸತೈತಿ ಈಗ.

ಶನಿವಾರ ಅರ್ಧಾ ದಿನದ ಕಚೇರಿ ಮುಗಿಸಿ ಸೈಕಲ್ ಹತ್ತಿದೆ. ಸಂಜಿಗೆ ಅಕ್ಕನ ಮನಿ ಮುಟ್ಟಿದೆ. ಮಾಮಾ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತಿದ್ದ. ನನ್ನ ಉಪಾಯ ಕೇಳಿ, "ಚಿತ್ರಾ ನೋಡಿ ಯಾರರ ಎತ್ತು ಕೊಡ್ತಾರೇನೋ ತಮ್ಮಾ?" ಅಂದ. "ಕೊಡ್ತಾರ ಮಾಮಾ, ನೀ ಸುಮ್ನಿರು" ಅಂದೆ. ಅಕ್ಕ ಮಾತ್ರ ನನ್ನ ಕಡೆ. "ಸಣ್ಣಾವಿದ್ದಾಗ ಗ್ವಾಡಿ ತುಂಬ ಇದ್ದಲಿಲೆ ಬರದು ಅವ್ವನ ಕಡೆ ಹೊಡಸ್ಕೋತಿದ್ದ, ಬರೀತಾನ ಬಿಡ್ರಿ" ಅಂದ್ಲು.

ರವಿವಾರ ಹೊತ್ತು ಹೊಂಡೂದಕ ದನದ ಮನಿ ಮುಂದ ಎತ್ತು ಕಟ್ಟಿಸಿ, ಎದುರಿಗೆ ಒಂದು ಬುಟ್ಟಿ ಡಬ್ಬಾ ಹಾಕ್ಕೊಂಡು ಅದರ ಮ್ಯಾಲ ಕುಂತೆ. ಎತ್ತು ಭಾಳ ಶಾಂತ. ಮೆಲಕು ಹಾಕ್ಕೋತ ನಿಂತಿತ್ತು. ಕೋಡಿನ ಬಾಗು, ಇಳಿಬಿದ್ದ ಗಂಗೆದೊಗಲು, ಹೆಗಲ ಮ್ಯಾಲ ಗುಡ್ಡದಂಗ ಎದ್ದ ಇಣಿ, ಒಂದೊಂದ ಗೆರಿ ಹೇಳಿದಂಗ ಕೇಳಾಕತ್ತಿತು. ನನ್ನ ಜಲ್ಮದಾಗ ಅಷ್ಟು ಛಂದ ಬರದಿದ್ದಿಲ್ಲ. ಬಾಲಕ್ಕ ಬಂದೆ, ಇನ್ನೇನು ಮುಗೀತು ಅನ್ನೂದರಾಗ ಎತ್ತು ನೊಣಾ ಹೊಡಿಯಾಕ ಬಾಲ ಬೀಸಿತು, ನಾನು ಬೆದರಿ ಕೈ ಎತ್ತಿದೆ, ಟಾಕಿನ ತುದಿಯಿಂದ ದಪ್ಪನ್ನ ಒಂದು ಹನಿ ಬಿತ್ತು. ಬಿದ್ದದ್ದು ಎಲ್ಲಿ? ಎತ್ತಿನ ಬೆನ್ನ ನಟ್ಟನಡಕ.

ಮತ್ತೊಂದು ಬರೀಬೇಕಂದ್ರ ಹೊತ್ತು ಏರಿತ್ತು, ಬಬಲೇಶ್ವರ ದೂರಿತ್ತು. ಆದ್ರ ಖರೆ ಹೇಳಬೇಕಂದ್ರ ಹೊತ್ತಿನದು ಒಂದು ನೆಪ. ಹಾಳಿ ಬಿಡಾಂಗಿಲ್ಲ ಅನ್ನೂ ನನ್ನ ಕಟ್ಟು ಇತ್ತಲ್ಲ, ಮತ್ತ ಇಂಥಾ ಚಿತ್ರಾ ಇನ್ನೊಮ್ಮೆ ಬರತೈತೋ ಇಲ್ಲೋ ಅನ್ನೂ ಆಸಿ. ಹನಿ ಆರೂದರೊಳಗ ಅದರ ಸುತ್ತ ಸಣ್ಣಸಣ್ಣ ಕೂದಲದ ಗೆರಿ ತಿರುವಿದೆ. ಎತ್ತಿನ ಮೈ ಮ್ಯಾಲ ಅಲ್ಲಲ್ಲಿ ಕೂದಲ ಸುತ್ತಿಕೊಂಡು ಸುಳಿ ಇರತಾವಲ್ಲ, ಹಂಗ. ಎಷ್ಟು ಸಹಜ ಕಾಣಾಕತ್ತಿತಂದ್ರ ಹುಟ್ಟಿದಾಗಿಂದ ಅಲ್ಲೇ ಇದ್ದಂಗ. ನನ್ನ ಬೆನ್ನು ನಾನ ಚಪ್ಪರಿಸ್ಕೊಂಡೆ. ಮಾಮಾಗ ತೋರಸಲಿಲ್ಲ, ಅಂವ ಕಾಲಿಗೆ ಬೇವಿನ ತಪ್ಪಲ ಕಟ್ಟಿಸ್ಕೊಂಡು ಒಳಗ ಮಲಗಿದ್ದ. ಅಕ್ಕ ದೂರಿಂದನ ನೋಡಿ "ಅಗದೀ ನಮ್ಮ ಎತ್ತ" ಅಂದ್ಲು. ಮತ್ತ ಒಂದು ನೂಲಿನ ದಾರ ಕೈಯಾಗ ಕೊಟ್ಲು. ಎತ್ತಿನ ಎತ್ತರಕ್ಕ ಒಂದು ಗಂಟು, ಉದ್ದಕ್ಕ ಒಂದು ಗಂಟು, ಎರಡೂ ಕೋಡಿನ ನಡುವಿನ ಅಂತರಕ್ಕ ಒಂದು ಗಂಟು. ಜೋಡಿ ನೋಡಾಕ ಹೋಗೂ ಒಕ್ಕಲಿಗರು ಹಂಗ ದಾರ ಒಯ್ತಾರ.

ಬಬಲೇಶ್ವರದಾಗ ಮುತ್ಯಾನ ಮನಿ ಹುಡುಕೂದು ತ್ರಾಸ ಆಗಲಿಲ್ಲ. ಬಾಗಲದಾಗ ಕಟ್ಟಿದ ಬಿಳೇ ಎತ್ತು ನೋಡಿದ ಕೂಡಲೆ ನನ್ನ ಮೈ ಝುಂ ಅಂತು. ಕಳ್ಳಕವಟಗಿ ಎತ್ತಿನ ಒಡಹುಟ್ಟಿದಂಗ ಇತ್ತು. ಮುತ್ಯಾ ಬಡಕಲ ಮನಷ್ಯಾ, ದೊಡ್ಡ ರುಮಾಲು, ಮಾತು ಕಡಿಮಿ. ನೀರು ಕೊಟ್ರು, ಬೆಲ್ಲಾ ಕೊಟ್ರು, ಬಂದ ಕಾರಣಾ ಕೇಳಿದ್ರು. ದಾರ ಕೊಟ್ಟೆ. ತಮ್ಮ ಎತ್ತಿಗೆ ಹಿಡಿದು ನೋಡಿದ್ರು. ಎತ್ತರದ ಗಂಟು ಕೂಡಿತು. ಉದ್ದದ ಗಂಟು ಒಂದ ಬಟ್ಟು ಹೆಚ್ಚುಕಡಿಮಿ. ಕೋಡಿನ ಗಂಟೂ ಕೂಡಿತು. ಮುತ್ಯಾನ ಮಾರಿ ಮ್ಯಾಲ ನಗಿ ಬಂತು. "ಎಲ್ಲೈತೋ ಚಿತ್ರಾ, ತಾ ನೋಡೂಣು" ಅಂದ್ರು.

ಹಾಳಿಯನ್ನ ಬಿಸಲಿಗೆ ಹಿಡಿದು ಬಟ್ಟು ಆಡಿಸ್ಕೋತ ನೋಡಿದ್ರು. ಮಾರಿ, ಕೊರಳ, ಹೆಗಲ, ಕಾಲಗೊರಸು. "ಚಲೋ ಬರದೀಪಾ" ಅಂದ್ರು. ನಾನು ಉಬ್ಬಿದೆ. ಆಮ್ಯಾಲ ಬಟ್ಟು ಬೆನ್ನಿಗೆ ಬಂತು, ನಿಂತಬಿಟ್ಟಿತು.

"ಇದೇನು?"

"ಸುಳಿ ಇದ್ದಂಗೈತ್ರಿ" ಅಂದೆ, ಬಲು ಹಗೂರಕ.

ಮುತ್ಯಾ ಹಾಳಿ ಮಡಚಿ ನನ್ನ ಕೈಗೆ ಕೊಟ್ರು. "ಈ ಜಾಗಾದಾಗ ಸುಳಿ ಇರೋ ಎತ್ತು ಕಟ್ಟಿದ ಮನಿಯೊಳಗ ಏನಾಗತೈತಿ ಅಂತ ನಾ ಬಾಯಿಲೆ ಅನ್ನೂದಿಲ್ಲ. ನಿಮ್ಮ ಮನಿ ಎತ್ತು ಯಾಕ ಸತ್ತಿತು ಅಂತ ಈಗ ತಿಳೀತು. ನನ್ನ ಎತ್ತು ಅದರ ಬಾಜೂಕ ಕಟ್ಟಾಕ ಕೊಡೂದಿಲ್ಲಪಾ. ಊಟಾ ಮಾಡಿ ಹೋಗು" ಅಂದ್ರು.

ಪಟ್ಟಣದಾಗ ಬೆಳದ ನನಗ ಬೆನ್ನ ಮ್ಯಾಲಿನ ಸುಳಿ ಅಂದ್ರ ಮನಿ ಹಾಳು ಅಂತ ಹ್ಯಾಂಗ ಗೊತ್ತಿರಬೇಕು. ಒಕ್ಕಲಿಗರ ಮನಿಯೊಳಗ ಸಣ್ಣ ಕೂಸಿಗೂ ಅದು ಗೊತ್ತು. "ಮುತ್ಯಾ, ಅದು ಸುಳಿ ಅಲ್ರಿ, ಶಾಯಿ ಬಿದ್ದದ್ದು" ಅಂದೆ.

"ಬಿದ್ದ ಶಾಯಿಗೆ ಕೂದಲಾ ಹುಟ್ಟತಾವೇನು?"

"ನಾನ ಹಚ್ಚಿದೆ ಕೂದಲಾ. ಹಾಳಿ ಕೆಡಬಾರದಂತ."

ನಂಬಲಿಲ್ಲ. ಅವರು ನಂಬದೇ ಇದ್ದದ್ದು ಬರೋಬ್ಬರಿನ. ವ್ಯಾಪಾರಕ್ಕ ಬಂದಾಂವ ಹುಳುಕು ಸಿಕ್ಕ ಮ್ಯಾಲ ಮತ್ತೇನಂತಾನ? ಆದ್ರ ಅವತ್ತು ನನಗ ತಡೀಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಗೆ. "ನಿಮಗ ಚಿತ್ರಾ ಅಂದ್ರ ಏನ ತಿಳೀತೈತ್ರಿ" ಅಂತ ಅಂದಬಿಟ್ಟೆ, ಹಿರೇ ಮನಷ್ಯಾಗ, ಅವರ ಕಟ್ಟಿ ಮ್ಯಾಲ ಕುಂತು. ಮುತ್ಯಾ ಸಿಟ್ಟಿಗೇಳಲಿಲ್ಲ. "ಚಿತ್ರಾ ತಿಳಿಯೂದಿಲ್ಲ ತಮ್ಮಾ, ಎತ್ತು ತಿಳೀತೈತಿ. ನಿನ್ನ ಮಾತು ಖರೆ ಇತ್ತಂದ್ರ ಇನ್ನೂ ಕೆಟ್ಟ. ಒಂದು ಹಾಳಿ ಉಳಸಾಕ ಎತ್ತಿನ ಮ್ಯಾಲ ಅಪವಾದ ಹೊರಸ್ದಿ" ಅಂದ್ರು.

ಊರ ಹೊರಗ ಬಂದು ಸೈಕಲ್ ಹಿಡಕೊಂಡು ನಿಂತೆ. ಒಂದು ದಾರಿ ವಿಜಾಪುರಕ್ಕ, ನನ್ನ ಮನಿಗೆ. ಇನ್ನೊಂದು ತಿಕೋಟಾದ ಕಡೆ, ಅಕ್ಕನ ಊರಿಗೆ. ಮನಿಗೆ ಹೋಗಿ "ಜೋಡಿ ಆಗಲಿಲ್ಲ" ಅಂತ ಒಂದು ಕಾರ್ಡ್ ಬರದು ಹಾಕಿದ್ರ ಯಾರಿಗೂ ಏನೂ ತಿಳೀತಿದ್ದಿಲ್ಲ. ಆ ವಿಚಾರ ನನ್ನ ತಲಿಯೊಳಗ ಬಂದಿತ್ತು, ಬಂದದ್ದು ಅಷ್ಟ ಅಲ್ಲ, ಹತ್ತು ನಿಮಿಷ ಅಲ್ಲೇ ಕುಂತಿತ್ತು. ಆಮ್ಯಾಲ ಅಕ್ಕ ಗಂಟು ಹಾಕಿ ಕೊಟ್ಟ ದಾರ ಕಿಸೇದಾಗ ಕೈಗೆ ಹತ್ತಿತು. ತಿಕೋಟಾದ ಕಡೆ ಸೈಕಲ್ ತಿರುವಿದೆ.

ಅಕ್ಕ ಸಿಟ್ಟಾದ್ಲು. ಹಂಗ ಆಕಿ ಸಿಟ್ಟಾದದ್ದು ನಾನು ಮೊದಲ ನೋಡಿದ್ದಿಲ್ಲ. "ಎತ್ತಿನ ಬೆನ್ನ ಮ್ಯಾಲ ಸುಳಿ ಬರದ್ಯಾ ಯಪ್ಪಾ? ಬೆನ್ನ ಮ್ಯಾಲ? ಇದರಕಿಂತ ಅದಕ್ಕ ಮೂರ ಕಾಲು ಬರದಿದ್ರ ಪಾಡಿತ್ತು" ಅಂದ್ಲು. ಆಕಿ ಕಣ್ಣಾಗ ನೀರು ಬಂತು. ನನಗ ನೆಲಾ ಬಾಯಿ ಬಿಡಬಾರದಾ ಅನ್ನಿಸಿತು. ಮಾಮಾ ಚಿತ್ರಾ ಇಸ್ಕೊಂಡು ಭಾಳ ಹೊತ್ತು ನೋಡಿದ. "ಮುತ್ಯಾಂದು ತಪ್ಪಿಲ್ಲ. ಇದನ್ನ ನೋಡಿದ್ರ ನಾನೂ ಕೊಡತಿದ್ದಿಲ್ಲ" ಅಂದ. ಮತ್ತ "ನಾಳೆ ಎತ್ತನ್ನ ಹೊಡಕೊಂಡ ಹೋಗಬೇಕು, ಬ್ಯಾರೆ ಹಾದಿ ಇಲ್ಲ. ಮುತ್ಯಾ ಬೆನ್ನ ಮ್ಯಾಲ ಕೈ ಆಡಿಸಿ ನೋಡಲಿ" ಅಂತ ಎದ್ದು ನಿಲ್ಲಾಕ ಹೋಗಿ ಕಾಲು ಊರಲಾರದ ಕುಂತಬಿಟ್ಟ.

"ನಾ ಹೊಡಕೊಂಡ ಹೋಗ್ತೀನಿ" ಅಂದೆ.

ಇಬ್ಬರೂ ನನ್ನ ಇಸ್ತ್ರಿ ಪ್ಯಾಂಟಿನ ಕಡೆ ನೋಡಿದ್ರು.

ಮಾಮಾನ ಧೋತರ ಉಟ್ಟು ಸೋಮವಾರ ಬೆಳಗಾಗೂದಕ ಎತ್ತಿನ ಹಗ್ಗ ಹಿಡಿದು ಹೊಂಟೆ. ನಾನು ಎತ್ತು ಹೊಡಕೊಂಡು ಹೋದೆ ಅಂದ್ರ ಸುಳ್ಳಾಗತೈತಿ, ಎತ್ತ ನನ್ನ ಹೊಡಕೊಂಡು ಹೋತು. ಮುಂದ ನಡದ್ರ ನಿಲ್ಲತಿತ್ತು, ಹಿಂದ ನಡದ್ರ ಮೇಯಾಕ ಹೋಗತಿತ್ತು. ಬಾಜೂಕ, ಕೊರಳಿನ ಮಗ್ಗಲಕ್ಕ ನಡದ್ರ ಅಷ್ಟ ಹೆಜ್ಜಿ ಹಾಕತಿತ್ತು. ಸತ್ತ ಜೋಡಿ ಆ ಮಗ್ಗಲಕ್ಕ ಇರತಿತ್ತಂತ, ಆಮ್ಯಾಲ ಮಾಮಾ ಹೇಳಿದ. ತಿಕೋಟಾದಾಗ ಚಹಾದಂಗಡಿ ಮುಂದ ವಿಜಾಪುರಕ್ಕ ಹೋಗೂ ಮೋಟಾರು ನಿಂತಿತ್ತು. ಕಂಡಕ್ಟರನ ಕೈಯಾಗ ಕಚೇರಿಗೆ ರಜಾ ಚೀಟಿ ಕೊಟ್ಟು ಕಳಿಸಿದೆ, ಹೊಟ್ಟಿನೋವು ಅಂತ. ಎತ್ತು ಹಿಡಕೊಂಡು ಬಬಲೇಶ್ವರಕ್ಕ ಹೊಂಟೀನಿ ಅಂತ ಬರದ್ರ ಸಾಹೇಬ್ರು ನಂಬತಿದ್ದಿಲ್ಲ. ಅಂಗಡಿಯಾಂವ "ಎತ್ತು ಮಾರಾಕೇನ್ರಿ?" ಅಂದ. ಇಲ್ಲ, ಎತ್ತಿನ ಮ್ಯಾಲಿನ ಅಪವಾದ ತೊಳಿಯಾಕ ಅಂದೆ. ಅಂವ ನನ್ನ ಮಾರಿ ಒಮ್ಮೆ ನೋಡಿ ಚಹಾ ಸೋಸಾಕ ತಿರುಗಿದ. ಹಾದಿ ತುಂಬ ಎರಡೂ ಕಡೆ ಹೊಲದಾಗ ಕೂರಿಗಿ ನಡದಿದ್ದವು. ಬಿತ್ತೂ ಹಾಡು ಕೇಳಿದಾಗೊಮ್ಮೆ ನನ್ನ ಎತ್ತು ಕಿವಿ ನಿಗರಿಸತಿತ್ತು.

ಹೊತ್ತು ಇಳಿಯೂದಕ ಮುಟ್ಟಿದೆ. ಅಂಗಾಲು ಬೊಬ್ಬಿ ಎದ್ದಿದ್ದವು. ಮುತ್ಯಾ ಕಟ್ಟಿ ಮ್ಯಾಲಿಂದ ಎದ್ದು ಬಂದ್ರು. ಮೊದಲ ಎತ್ತಿಗೆ ನೀರು ಇಡಿಸಿದ್ರು. ಅದು ಕುಡದಾದ ಮ್ಯಾಲ ಬೆನ್ನಿನ ಮ್ಯಾಲ ಅಂಗೈ ಇಟ್ಟು, ಕೂದಲಿನ ಗುಂಟ ಒಮ್ಮೆ, ಕೂದಲಿಗೆ ಎದುರು ಒಮ್ಮೆ, ಇಣಿಯಿಂದ ಬಾಲದ ತನಕ ಸಾವಕಾಶ ಆಡಿಸಿದ್ರು. ಬೆನ್ನು ನುಣ್ಣಗ ಇತ್ತು, ಏನಂದ್ರ ಏನೂ ಇದ್ದಿಲ್ಲ. ನನ್ನ ಶಾಯಿ ನನ್ನ ಹಾಳಿ ಮ್ಯಾಲ ಅಷ್ಟ ಇತ್ತು.

ಮುತ್ಯಾ ಕೈ ನಿಲ್ಲಿಸಲಿಲ್ಲ. ಪಕ್ಕಡಿ ನೋಡಿದ್ರು, ಹೊಟ್ಟಿ ನೋಡಿದ್ರು, ಮುಂಗಾಲಿನ ಸಂದಿ ನೋಡಿದ್ರು. ಕೊರಳಿನ ಕೆಳಗ, ಗಂಗೆದೊಗಲು ಶುರು ಆಗೂ ಕಡೆ ಬಟ್ಟು ಬಂದಾಗ ನಿಂತ್ರು. ನನ್ನ ಕೈ ಹಿಡಿದು ಎಳದು, ನನ್ನ ಬಟ್ಟು ಅಲ್ಲಿ ಇಟ್ರು. ಕೂದಲಾ ಉಂಗುರದಂಗ ಸುತ್ತಿಕೊಂಡಿದ್ದವು. ಸುಳಿ. "ಇದು ಎಲ್ಲಾ ಎತ್ತಿಗೂ ಇರೂದಿಲ್ಲ. ಇದಿದ್ದ ಎತ್ತು ಮನಿಗೆ ಬಂತಂದ್ರ ಒಕ್ಕಲಿಗ ಕೈಮುಗದು ಒಳಗ ಕರಕೋತಾನ" ಅಂದ್ರು. ಅಂದು, ನನ್ನ ಕಡೆ ತಿರುಗಿದ್ರು.

"ಇಲ್ಲದ್ದು ಬರದೀ. ಇದ್ದದ್ದು ಬಿಟ್ಟೀ."

ಅಷ್ಟ. ಬೈಯಲಿಲ್ಲ, ನಗಲಿಲ್ಲ. ಆದ್ರ ನನಗ ಯಾರೋ ಕಪಾಳಕ್ಕ ಬಡದಂಗ ಆತು. ಯಾಕಂದ್ರ ಆ ಜಾಗಾ ನಾನು ನೋಡಿದ್ದೆ. ಬರಿಯೂ ಹೊತ್ತಿನ್ಯಾಗ ಅಲ್ಲಿ ಕೂದಲಾ ಕೆದರಿದಂಗ ಕಂಡಿತ್ತು, ಹಗ್ಗ ತಿಕ್ಕಿ ಹಂಗಾಗಿರಬೇಕು, ಬರದ್ರ ಛಂದ ಕಾಣೂದಿಲ್ಲ ಅಂತ ಗೆರಿ ಸಪಾಟ ಎಳದು ಮುಂದ ಹೋಗಿದ್ದೆ. ಇಷ್ಟು ವರ್ಷ ದಿನಾ ಒಂದರಂಗ ಬರದ ಚಿತ್ರಾ ಎಲ್ಲಾ ಒಮ್ಮೆಲೆ ಕಣ್ಣ ಮುಂದ ಬಂದು ನಿಂತವು. ಎಷ್ಟು ಇಲ್ಲದ ಕಾಗಿ ಕೂಡಿಸಿದ್ನೋ, ಎಷ್ಟು ಇದ್ದ ಮಂದೀನ ಬಿಟ್ಟಿದ್ನೋ. ನಾಚಿಗಿ ಆತು. ವಿಚಿತ್ರ ಅಂದ್ರ ಅದರ ಹಿಂದನ ಒಂಥರಾ ಸಂತೋಷನೂ ಆತು, ಮೈ ಮ್ಯಾಲಿನ ಭಾರ ಇಳಿಸಿದಂಗ. ಮೊದಲನೇ ಸಲ ಒಬ್ಬರು ನನ್ನ ಚಿತ್ರಾ ಖರೇನ ನೋಡಿದ್ರು.

ರಾತ್ರಿ ಅವರ ಮನಿಯಾಗ ಉಂಡು ಮಲಗಿದೆ. ಮರುದಿನ ಮುಂಜಾನಿ ಮುತ್ಯಾ ಎರಡೂ ಎತ್ತನ್ನ ಬಾಜೂಕ ಬಾಜೂಕ ಕಟ್ಟಿ, ದೂರ ನಿಂತು ಒಂದು ತಾಸು ನೋಡಿದ್ರು. ನಮ್ಮ ಎತ್ತು ಅವರ ಎತ್ತಿನ ಕೊರಳ ನೆಕ್ಕಿತು. ಮುಂದ ಏನಾತು ಅನ್ನೂದನ್ನ ಇಲ್ಲೇ ಹೇಳಿಬಿಡ್ತೀನಿ, ನಿಮಗ ಕಾಯಸೂದು ಬ್ಯಾಡ: ಬುಧವಾರ ಅಕ್ಕನ ಹೊಲದಾಗ ಕೂರಿಗಿ ಹೂಡಿತು, ಹದಾ ಆರೂದರೊಳಗ ಬಿತ್ತಿ ಮುಗೀತು, ಆ ಜೋಡಿ ಆ ಮನಿಯೊಳಗ ಎಷ್ಟೋ ವರ್ಷ ದುಡೀತು. ಕೊಟ್ಟು ತಗೊಳ್ಳೂ ಮಾತು ಮಾಮಾ ಮತ್ತ ಮುತ್ಯಾ ಅವರವರ ನಡುವ ಮುಗಿಸ್ಕೊಂಡ್ರು. ನಾನು ಹೇಳಬೇಕಾದದ್ದು ಆ ಮಂಗಳವಾರದ ಮುಂಜಾನಿದು.

ಹಗ್ಗ ಬಿಚ್ಚಾಕ ಹೋದೆ. ಮುತ್ಯಾ ಕೈ ಅಡ್ಡ ಹಿಡದ್ರು. "ದೌತಿ ತಂದೀಯೇನು?" ಅಂದ್ರು. ತಂದಿದ್ದೆ. ಅದನ್ನ ಬಿಟ್ಟು ನಾನು ಎಲ್ಲಿಗೂ ಹೋಗತಿದ್ದಿಲ್ಲ. "ಹಂಗಂದ್ರ ನನ್ನ ಎತ್ತಿಂದು ಒಂದು ಬರದು ಕೊಡು. ಇದ್ದಂಗ ಬರಿ" ಅಂದ್ರು.

ನಾನು ಟಾಕು ಹಿಡೀಲಿಲ್ಲ. ಮೊದಲ ಎತ್ತಿನ ಮಗ್ಗಲಕ್ಕ ಹೋಗಿ ನಿಂತು, ಮುತ್ಯಾ ಮಾಡಿದಂಗ ಅಂಗೈ ಇಟ್ಟು ಮೈಯೆಲ್ಲಾ ತಡಿವಿ ನೋಡಿದೆ. ಎಡಗಿವಿ ಒಂದೀಟು ಹರದಿತ್ತು. ನೊಗ ಕುಂತು ಕುಂತು ಹೆಗಲ ಮ್ಯಾಲ ತೊಗಲ ದಪ್ಪಾಗಿ ಕಪ್ಪಾಗಿತ್ತು. ಬಲಗೋಡಿನ ತುದಿ ಮುರದು ಮೊಂಡ ಆಗಿತ್ತು. ಹಿಂಗಾಲಿನ ಮ್ಯಾಲ ಹಳೇ ಗಾಯದ ಕಲಿ. "ಇದು ಹ್ಯಾಂಗಾತ್ರಿ?" ಅಂತ ಕೇಳಿದೆ. ಬಾವಿ ದಂಡಿಗೆ ಜಾರಿದ್ದು, ಮೂರನೇ ವರ್ಷ ಅಂದ್ರು. ಒಂದೊಂದಕ್ಕೂ ಕೇಳಿದೆ, ಒಂದೊಂದಕ್ಕೂ ಹೇಳಿದ್ರು. ಮಾತು ಕಡಿಮಿ ಅಂತ ನಾನು ತಿಳಕೊಂಡಿದ್ದ ಮನಷ್ಯಾ ಎರಡು ತಾಸು ಮಾತಾಡಿದ್ರು. ಕರಾ ಇದ್ದಾಗ ಅದು ಅವರ ಹೆಂಡತಿಯ ಸೆರಗು ತಿಂದದ್ದನ್ನೂ ಹೇಳಿದ್ರು. ಆ ಹೆಂಡತಿ ಈಗಿಲ್ಲ ಅನ್ನೂದನ್ನ ಅದರ ಕೂಡನ ಹೇಳಿದ್ರು. ಆಮ್ಯಾಲ ಕುಂತು ಬರದೆ. ಕಿವಿಯ ಹರಕು, ಕೋಡಿನ ಮೊಂಡ, ಹೆಗಲಿನ ಕಪ್ಪು, ಹಿಂಗಾಲಿನ ಕಲಿ, ಹಣಿ ಮ್ಯಾಲಿನ ಸುಳಿ. ಛಂದ ಕಾಣತೈತೋ ಇಲ್ಲೋ ಅಂತ ಒಮ್ಮೆನೂ ಯೋಚನಿ ಮಾಡಲಿಲ್ಲ.

ಮುತ್ಯಾ ಹಾಳಿ ಇಸ್ಕೊಂಡು ಮಡಲಾಗ ಇಟ್ಕೊಂಡ್ರು. ಬಟ್ಟು ಆಡಿಸ್ಕೋತ ಬಂದ್ರು, ಈ ಸಲ ಎಲ್ಲೂ ನಿಲ್ಲಲಿಲ್ಲ. ಎರಡನೇ ಸಲ ಮಾರಿಯಿಂದ ಶುರು ಮಾಡಿದ್ರು. ಎತ್ತಿನ ಹಗ್ಗ ಗೂಟಕ್ಕ ಹಂಗ ಇತ್ತು. ಕೇಳೂದೋ ಬ್ಯಾಡೋ ಅಂತ ನಾನು ನಿಂತೆ. ಮುತ್ಯಾ ತಲಿ ಎತ್ತದನ ಗೂಟದ ಕಡೆ ಕೈ ಮಾಡಿದ್ರು.

"ಬಿಚ್ಚಿಕೊಂಡು ಹೊಡಕೊಂಡ ಹೋಗಪಾ. ನಾ ಇದನ್ನ ನೋಡ್ಕೋತ ಕುಂದರ್ತೀನಿ" ಅಂದ್ರು.